ಸೈಕಲ್ ಸವಾರನ ಹಕ್ಕು ಬಿಟ್ಟುಕೊಡಲು ನಾವ್ಯಾರು?

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು. ಹಾವೇರಿ ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳ ರಸ್ತೆಗಳಲ್ಲಿ ಬೆಳಿಗ್ಗೆ ಸೈಕಲ್ ತುಳಿಯುವವರು ಯಾರು ಅಂತ ಒಮ್ಮೆ ನೋಡಬೇಕು. ಮದ್ರಸಕ್ಕೆ, ಶಾಲೆಗೆ ಹೋಗುವ ಮಕ್ಕಳು. ಗಾರೆ ಕೆಲಸದ ಕೂಲಿಗಳು. ಗುಜರಿ ಹೆಕ್ಕುವವರು. ಹಳ್ಳಿ ಮೇಲೆ ಬಟ್ಟೆ, ಪಾತ್ರೆ ಮಾರುವವರು. ಬೈಕು ಕೊಳ್ಳುವ ತಾಕತ್ತು ಇಲ್ಲದವರು ಎಂದರೆ ಮುಗಿಯಿತು. ಇಂಥವರೊಬ್ಬರಿಗೆ ಹಿಂದಿನಿಂದ ಟ್ರ್ಯಾಕ್ಟರೋ ಬೈಕೋ ತಾಗಿ ಕಾಲು ಮುರಿದರೆ ಮೊದಲು ಆಗುವುದು ಚಿಕಿತ್ಸೆ. ಎರಡನೆಯದಾಗಿ ಆಗುವುದು ಕೇಸಲ್ಲ, ರಾಜಿ.

ಆ ರಾಜಿಗೆ ಕರೆಯುವುದು ನಮ್ಮನ್ನೇ. ಜಮಾಅತಿನ ಅಧ್ಯಕ್ಷರು, ಖತೀಬರು, ಉಸ್ತಾದರು, ಊರಿನ ನಾಲ್ಕು ಹಿರಿಯರು. "ಕೋರ್ಟು ಕಚೇರಿ ಅಂತ ಯಾಕ್ರೀ ಅಲೆದಾಡೋದು, ಆಸ್ಪತ್ರೆ ಬಿಲ್ಲು ಕೊಡ್ತಾನ, ಮೇಲೆ ಹತ್ತು ಸಾವಿರ ಕೊಡ್ತಾನ, ಮುಗಿಸಿಬಿಡ್ರಿ" ಎಂಬ ಮಾತು ಬರುತ್ತದೆ. ಒಂದು ಕಾಗದಕ್ಕೆ ಸಹಿ ಬೀಳುತ್ತದೆ. ಜಗಳ ಆಗದೆ ಮುಗಿಯಿತಲ್ಲ ಎಂದು ಎಲ್ಲರೂ ಅಲ್‌ಹಮ್ದುಲಿಲ್ಲಾಹ್ ಹೇಳಿ ಏಳುತ್ತಾರೆ. ಆರು ತಿಂಗಳ ನಂತರ ಮುರಿದ ಕಾಲು ಸರಿಯಾಗಿ ಕೂಡಿಲ್ಲ, ಇನ್ನೊಂದು ಆಪರೇಷನ್ ಬೇಕು ಎಂದಾಗ ಆ ಕಾಗದಕ್ಕೆ ಸಾಕ್ಷಿ ಹಾಕಿದ ನಾವು ಯಾರೂ ಆ ಮನೆಯಲ್ಲಿ ಇರುವುದಿಲ್ಲ.

ಹೀಗಾಗಿ ಇವತ್ತು ಕೇಳಬೇಕಾದ ಪ್ರಶ್ನೆ ಒಂದೇ. ಮುರಿದದ್ದು ಅವನ ಕಾಲು. ಅದರ ಬೆಲೆ ಇಷ್ಟೇ ಎಂದು ಹೇಳಿ ಉಳಿದದ್ದನ್ನು ಮಾಫ್ ಮಾಡಲು ನಾವ್ಯಾರು?

ಯಲ್ಲಾಪುರದ ನೆನಪು

ಕರಾವಳಿಯ ಓದುಗರಿಗೆ ಹಾವೇರಿ ದೂರ ಅನಿಸಬಹುದು. ಆದರೆ ನಮ್ಮ ಎಷ್ಟೋ ಉಸ್ತಾದರು ಘಟ್ಟದ ಮೇಲಿನ ಊರುಗಳಲ್ಲಿ ಕಲಿಸುತ್ತಾರೆ. ಆ ಕಡೆಯ ಮಕ್ಕಳು ನಮ್ಮ ಊರುಗಳಲ್ಲಿ ನಿಂತು ಕಲಿಯುತ್ತಾರೆ. ವ್ಯಾಪಾರವಂತೂ ಮೊದಲಿನಿಂದಲೂ ಇದೆ. 2025ರ ಜನವರಿ 22ರ ನಸುಕಿನಲ್ಲಿ ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ, ಹಣ್ಣು ಹೊತ್ತು ಹೊರಟಿದ್ದ ಲಾರಿ ಯಲ್ಲಾಪುರ ತಾಲ್ಲೂಕಿನ ಗುಳ್ಳಾಪುರದ ಹತ್ತಿರ ಕಂದಕಕ್ಕೆ ಉರುಳಿದ್ದು ಯಾರಿಗೂ ಮರೆತಿಲ್ಲ. ಕನಿಷ್ಠ ಹತ್ತು ಮಂದಿ ವ್ಯಾಪಾರಿಗಳು ತೀರಿಕೊಂಡರು. ಎಲ್ಲರೂ ದಿನದ ಅನ್ನಕ್ಕಾಗಿ ಹೊರಟವರು.

ಅವತ್ತು ಸರಕಾರ ಪರಿಹಾರ ಘೋಷಿಸಿತು. ಅದು ಒಳ್ಳೆಯದೇ. ಆದರೆ ನಮ್ಮ ಜನ ಅಲ್ಲೇ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಮಂತ್ರಿಗಳು ಘೋಷಿಸುವ ಹಣ ಅನುಕಂಪದ ನೆರವು, ಕೊಟ್ಟರೆ ಉಂಟು ಕೊಡದಿದ್ದರೆ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ ಕೆಳಗೆ ಸಿಗುವ ಪರಿಹಾರ ಹಕ್ಕು. ಮೊದಲನೆಯದು ಬಂತು ಅಂತ ಎರಡನೆಯದನ್ನು ಕೇಳದೆ ಬಿಡಬಾರದು.

ಸರಕಿನ ಲಾರಿಯಲ್ಲಿ ಹೋದವರ ವಿಚಾರದಲ್ಲಿ ವಿಮಾ ಕಂಪೆನಿಗಳು ತಕರಾರು ತೆಗೆಯುವುದುಂಟು. ತನ್ನ ಸರಕಿನ ಜತೆ ಹೋಗುವ ಮಾಲೀಕನಿಗೆ ರಕ್ಷಣೆ ಇದೆ, ಬರೀ ಪ್ರಯಾಣಿಕನಾಗಿ ಹತ್ತಿದವನಿಗೆ ಇಲ್ಲ ಎಂಬ ವಾದ ನಡೆಯುತ್ತದೆ. ಸೈಕಲ್ ಸವಾರನಿಗೆ ಈ ತೊಡಕು ಇಲ್ಲ. ಅವನು ಆ ವಾಹನದ ಒಳಗೆ ಇರಲಿಲ್ಲ, ರಸ್ತೆಯಲ್ಲಿದ್ದ. ಕಾನೂನಿನ ಕಣ್ಣಿಗೆ ಅವನು ಮೂರನೇ ವ್ಯಕ್ತಿ. ಪ್ರತಿಯೊಂದು ಬೈಕು, ಕಾರು, ಲಾರಿಗೂ ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದೇ ಇಂಥವನಿಗಾಗಿ. ಅಂದರೆ ರಸ್ತೆಯ ಮೇಲೆ ಎಲ್ಲರಿಗಿಂತ ದುರ್ಬಲನಾದ ಸೈಕಲ್ಲಿನವನಿಗೆ ಕಾನೂನಿನಲ್ಲಿ ಗಟ್ಟಿಯಾದ ಜಾಗವೇ ಇದೆ. ಆ ಜಾಗವನ್ನು ನಾವು ರಾಜಿ ಕಾಗದದಲ್ಲಿ ಕಳೆದುಬಿಡುತ್ತೇವೆ.

ಖದರ್ ಮತ್ತು ಹಕ್ಕು

ಹಕ್ಕು ಬಿಡಿಸುವ ಎರಡು ಮಾತುಗಳು ನಮ್ಮಲ್ಲಿವೆ. ಒಂದು, "ಅಲ್ಲಾಹನ ವಿಧಿ, ಏನು ಮಾಡುವುದು". ಇನ್ನೊಂದು, "ಇನ್ಶೂರೆನ್ಸ್ ದುಡ್ಡು ನಮಗೆ ಬೇಡ".

ಖದರ್ ನಮ್ಮ ಈಮಾನಿನ ಭಾಗ. ಅದರಲ್ಲಿ ಎರಡು ಮಾತಿಲ್ಲ. ಆದರೆ ವಿಧಿ ಎಂದು ಹೇಳಿ ಹೊಣೆಗಾರನನ್ನು ಬಿಟ್ಟುಬಿಡಿ ಎಂದು ದೀನ್ ಎಲ್ಲೂ ಹೇಳಿಲ್ಲ. ಸೂರಃ ಅನ್ನಿಸಾದ 92ನೇ ಆಯತನ್ನು ನೋಡಿ. ಬೇಕೆಂದಲ್ಲ, ತಪ್ಪಿ ಒಬ್ಬನ ಜೀವ ತೆಗೆದವನೂ ಸತ್ತವನ ಮನೆಯವರಿಗೆ ದಿಯತ್ ಒಪ್ಪಿಸಬೇಕು ಎಂಬುದು ಅಲ್ಲಿರುವ ಹುಕ್ಮ್. ಮನೆಯವರು ತಾವಾಗಿ ದಾನವೆಂದು ಬಿಟ್ಟರೆ ಮಾತ್ರ ಬೇರೆ. ಬಿಡುವ ಅಧಿಕಾರ ಆ ಮನೆಯವರದು, ಪಂಚಾಯ್ತಿ ಕೂತವರದಲ್ಲ. ಜೀವ ಹೋಗದೆ ಅಂಗಕ್ಕೆ ಪೆಟ್ಟಾದಾಗಲೂ ಕೈಗಿಷ್ಟು, ಕಣ್ಣಿಗಿಷ್ಟು, ಹಲ್ಲಿಗಿಷ್ಟು ಎಂದು ಫಿಕ್‌ಹ್ ಗ್ರಂಥಗಳಲ್ಲಿ ಅಧ್ಯಾಯಗಳೇ ಇವೆ. ನಾವು ಅದನ್ನು ಓದುತ್ತೇವೆ, ಕಲಿಸುತ್ತೇವೆ. ಠಾಣೆಯ ಬಾಗಿಲಿಗೆ ಹೋದಾಗ ಮಾತ್ರ ಮರೆಯುತ್ತೇವೆ.

ವಿಮೆಯ ವಿಚಾರಕ್ಕೆ ಬಂದರೆ, ಪಾಲಿಸಿ ಮಾಡುವುದರ ಬಗ್ಗೆ ಉಲಮಾಗಳಲ್ಲಿ ಚರ್ಚೆ ಇದೆ. ಆದರೆ ಗಾಯಗೊಂಡ ಸೈಕಲ್ ಸವಾರ ಯಾವ ಪಾಲಿಸಿಯನ್ನೂ ಮಾಡಿದವನಲ್ಲ. ಗುದ್ದಿದವನ ಮೇಲೆ ಬಿದ್ದ ಹೊಣೆಯನ್ನು ಅವನ ಪರವಾಗಿ ಕಂಪೆನಿ ತೀರಿಸುತ್ತದೆ ಅಷ್ಟೇ. ತಪ್ಪಿ ಆದ ಸಾವಿನ ದಿಯತನ್ನು ಒಬ್ಬನೇ ಹೊರದೆ ಅವನ ಬಳಗ ಮೂರು ವರ್ಷದಲ್ಲಿ ಹಂಚಿಕೊಂಡು ಕೊಡುವ ಕ್ರಮ ನಮ್ಮ ಫಿಕ್‌ಹ್‌ನಲ್ಲೇ ಇದೆ. ಹೊರೆ ಹಂಚುವುದು ನಮಗೆ ಹೊಸತಲ್ಲ. ನ್ಯಾಯಮಂಡಳಿ ಪರಿಹಾರದ ಮೇಲೆ ಬಡ್ಡಿಯನ್ನೂ ಕೊಡುತ್ತದೆ. ಆ ಭಾಗವನ್ನು ಏನು ಮಾಡಬೇಕು ಅಂತ ನಿಮ್ಮ ಊರಿನ ಆಲಿಮರಲ್ಲಿ ಕೇಳಿ. ಅದರ ಸಂಶಯಕ್ಕೆ ಅಸಲನ್ನೇ ಎಸೆಯುವುದು ಬುದ್ಧಿವಂತಿಕೆ ಅಲ್ಲ.

ಗುದ್ದಿದವನೂ ಬಡವ, ನಮ್ಮವನೇ, ಅವನ ಮನೆ ಮುಳುಗುತ್ತದೆ ಎಂಬ ಕನಿಕರವೂ ಇದೆ. ಕನಿಕರ ಒಳ್ಳೆಯದು. ಆದರೆ ವಾಹನಕ್ಕೆ ವಿಮೆ ಚಾಲ್ತಿಯಲ್ಲಿದ್ದು ಚಾಲಕನಿಗೆ ಲೈಸೆನ್ಸ್ ಇದ್ದರೆ ಹಣ ಕೊಡುವುದು ಅವನ ಜೇಬಲ್ಲ, ಕಂಪೆನಿ. ರಾಜಿಯಲ್ಲಿಯೇ ಅವನು ಸಾಲ ಮಾಡಿ ಕೈಯಿಂದ ಕೊಡುವುದು. ಹಾಗೆ ನೋಡಿದರೆ ಕೇಸು ಹಾಕುವುದರಿಂದ ಇಬ್ಬರು ಬಡವರೂ ಉಳಿಯುತ್ತಾರೆ.

ಮೊದಲ ವಾರದಲ್ಲೇ ಕಳೆದುಹೋಗುವುದು

ಪರಿಹಾರ ಕೋರ್ಟಿನಲ್ಲಿ ಕಳೆದುಹೋಗುವುದಕ್ಕಿಂತ ಮೊದಲ ವಾರದಲ್ಲಿ ಕಳೆದುಹೋಗುವುದೇ ಹೆಚ್ಚು. ಆಸ್ಪತ್ರೆಗೆ ಕರೆದುಕೊಂಡು ಹೋದವರು ಪೊಲೀಸ್ ರಗಳೆ ಬೇಡ ಅಂತ "ಸೈಕಲ್‌ನಿಂದ ತಾನೇ ಬಿದ್ದ" ಎಂದು ಬರೆಸುತ್ತಾರೆ. ಆ ಒಂದು ಸಾಲು ಮುಂದೆ ವಿಮಾ ಕಂಪೆನಿಯ ವಕೀಲರ ಕೈಗೆ ಸಿಗುವ ದೊಡ್ಡ ಆಯುಧ. ಯಾವ ವಾಹನ ಗುದ್ದಿತು, ಎಲ್ಲಿ, ಎಷ್ಟು ಹೊತ್ತಿಗೆ ಎಂಬುದು ಆಸ್ಪತ್ರೆಯ ಮೊದಲ ಕಾಗದದಲ್ಲೇ ಬರಬೇಕು. ವಾಹನದ ನಂಬರು, ಜಾಗದ ಫೋಟೋ, ಜಖಂ ಆದ ಸೈಕಲ್, ಕಂಡವರ ಹೆಸರು ಇವನ್ನೆಲ್ಲ ಅದೇ ದಿನ ಕೂಡಿಹಾಕಬೇಕು. ಸೈಕಲ್ಲನ್ನು ಗುಜರಿಗೆ ಹಾಕಬೇಡಿ. ಎಫ್‌ಐಆರ್ ಆಗಬೇಕು, ಅದರ ನಕಲು ದೂರುದಾರನಿಗೆ ಉಚಿತವಾಗಿ ಸಿಗಬೇಕು.

ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದರೆ ನಾವೇ ಕೇಸಲ್ಲಿ ಸಿಕ್ಕಿಬೀಳುತ್ತೇವೆ ಎಂಬ ಹೆದರಿಕೆಗೆ ಈಗ ಅರ್ಥವಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 134ಎ ಕಲಮು ನೆರವಾದವನಿಗೆ ರಕ್ಷಣೆ ಕೊಡುತ್ತದೆ. ಹಣದ ಹೆದರಿಕೆಗೂ ಒಂದು ಉಪಾಯ ಬಂದಿದೆ. ಕೇಂದ್ರ ಸರಕಾರ 2025ರ ಮೇ ತಿಂಗಳಲ್ಲಿ ಜಾರಿಗೆ ತಂದ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ, ಮೋಟಾರು ವಾಹನದಿಂದ ರಸ್ತೆಯಲ್ಲಿ ಗಾಯಗೊಂಡ ಯಾರಿಗೇ ಆದರೂ ಅಪಘಾತದ ದಿನದಿಂದ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಬೇಕು. ಆಸ್ಪತ್ರೆಯಲ್ಲಿ ಈ ಯೋಜನೆಯ ಹೆಸರು ಹೇಳಿ ಕೇಳಬೇಕು. ಕೇಳದೆ ಇದ್ದವನಿಗೆ ಬಿಲ್ಲು ಬರುತ್ತದೆ. ಆ ಬಿಲ್ಲಿನ ಭಯವೇ ಅವನನ್ನು ರಾಜಿಗೆ ತಳ್ಳುತ್ತದೆ.

ಇನ್ನು ಗಡುವು. 1988ರ ಕಾಯ್ದೆಯಲ್ಲಿ ಮೊದಲಿಗೆ ಆರು ತಿಂಗಳ ಮಿತಿ ಇತ್ತು. 1994ರಲ್ಲಿ ಅದನ್ನು ತೆಗೆದರು. 2019ರ ತಿದ್ದುಪಡಿಯಲ್ಲಿ ಮತ್ತೆ ತಂದರು, 2022ರ ಏಪ್ರಿಲ್ 1ರಿಂದ ಅದು ಜಾರಿಯಲ್ಲಿದೆ. ಇದನ್ನು ಪ್ರಶ್ನಿಸಿದ ಅರ್ಜಿಗಳ ಮೇಲೆ 2025ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು, ಗಡುವು ಮೀರಿತು ಎಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬೇಡಿ ಎಂದು ಮಧ್ಯಂತರ ಆದೇಶ ಕೊಟ್ಟಿದೆ. ಮಧ್ಯಂತರ ಆದೇಶ ಅಂತಿಮ ತೀರ್ಪಲ್ಲ. ಅದನ್ನು ನಂಬಿ ಕೂರುವುದು ಬೇಡ, ಆರು ತಿಂಗಳ ಒಳಗೇ ಅರ್ಜಿ ಬೀಳಲಿ. ಹೊಸ ನಿಯಮದಲ್ಲಿ ತನಿಖೆಯ ಪೊಲೀಸ್ ಅಧಿಕಾರಿ 48 ಗಂಟೆಯಲ್ಲಿ ಮೊದಲ ವರದಿಯನ್ನೂ, 90 ದಿನದಲ್ಲಿ ವಿವರವಾದ ವರದಿಯನ್ನೂ ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಅರ್ಜಿಯೆಂದು ಪರಿಗಣಿಸಲು ಅವಕಾಶ ಇದೆ. ವರದಿ ಹೋಗಿದೆಯೋ ಇಲ್ಲವೋ ಎಂದು ಠಾಣೆಯಲ್ಲಿ ವಿಚಾರಿಸುವುದು ಮನೆಯವರ ಕೆಲಸ.

ಎಲ್ಲಿ ಅರ್ಜಿ ಹಾಕಬೇಕು ಎಂಬುದು ನಮ್ಮ ಓದುಗರಿಗೆ ಮುಖ್ಯವಾದ ವಿಚಾರ. ಅಪಘಾತ ಆದ ಊರಿನಲ್ಲೇ ಹಾಕಬೇಕೆಂದಿಲ್ಲ. ಗಾಯಾಳು ವಾಸವಿರುವ ಅಥವಾ ವ್ಯಾಪಾರ ಮಾಡುವ ಊರಿನ ನ್ಯಾಯಮಂಡಳಿಯಲ್ಲೂ ಹಾಕಬಹುದು. ಹಾನಗಲ್ಲಿನಲ್ಲಿ ಗಾಯಗೊಂಡ ಬಂಟ್ವಾಳದ ಮನುಷ್ಯ ಊರಿಗೆ ಬಂದು ಅರ್ಜಿ ಹಾಕಬಹುದು. ಮಂಗಳೂರಲ್ಲಿ ಪೆಟ್ಟು ತಿಂದ ಹಿರೇಕೆರೂರಿನ ಹುಡುಗನ ಅಪ್ಪ ಪ್ರತಿ ತಾರೀಕಿಗೂ ಘಟ್ಟ ಇಳಿಯಬೇಕಿಲ್ಲ, ತನ್ನ ಜಿಲ್ಲೆಯಲ್ಲೇ ಹಾಕಬಹುದು.

ನಷ್ಟವನ್ನು ಅಳೆಯುವುದು ಹೇಗೆ

ರಾಜಿಯಲ್ಲಿ ಲೆಕ್ಕ ಹಾಕುವುದು ಆಸ್ಪತ್ರೆ ಬಿಲ್ಲನ್ನು ಮಾತ್ರ. ಕಾನೂನು ಅಷ್ಟಕ್ಕೆ ನಿಲ್ಲುವುದಿಲ್ಲ. ಚಿಕಿತ್ಸೆ, ಓಡಾಟ, ಪೌಷ್ಟಿಕ ಆಹಾರ, ನೋಡಿಕೊಂಡವರ ಖರ್ಚು, ಕೆಲಸ ತಪ್ಪಿದ ದಿನಗಳ ಕೂಲಿ, ಅನುಭವಿಸಿದ ನೋವು, ಮುಂದಿನ ಆಪರೇಷನ್ನು, ಎಲ್ಲಕ್ಕಿಂತ ಹೆಚ್ಚಾಗಿ ಬದುಕಿನುದ್ದಕ್ಕೂ ಕಡಿಮೆಯಾಗುವ ದುಡಿಮೆ. ಕೊನೆಯದನ್ನು ಅಳೆಯುವ ದಾರಿಯನ್ನು 2010ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್ ಅವರಿದ್ದ ಸುಪ್ರೀಂ ಕೋರ್ಟಿನ ಪೀಠ ಬಿಡಿಸಿ ಹೇಳಿತು. ವೈದ್ಯರು ಕೈಗೋ ಕಾಲಿಗೋ ಶೇಕಡಾ ಇಷ್ಟು ಊನ ಎಂದು ಬರೆದರೆ ಅದೇ ದುಡಿಮೆಯ ನಷ್ಟ ಅಲ್ಲ. ಆ ಮನುಷ್ಯ ಮಾಡುತ್ತಿದ್ದ ಕೆಲಸಕ್ಕೆ ಆ ಊನದಿಂದ ಎಷ್ಟು ಪೆಟ್ಟು ಎಂದು ನೋಡಬೇಕು. ಒಂದು ಕೈ ಹೋದರೆ ಗುಮಾಸ್ತ ತನ್ನ ಕೆಲಸ ಮುಂದುವರಿಸಬಹುದು, ಬಡಗಿಗೋ ಡ್ರೈವರನಿಗೋ ಕೆಲಸವೇ ಹೋಯಿತು.

ನಮ್ಮ ರಾಜ್ಯದಿಂದಲೇ ಹೋದ ಎರಡು ಪ್ರಕರಣಗಳು ಇಲ್ಲಿ ನೆನಪಿಡುವಂಥವು. ಒಂದರಲ್ಲಿ ಕೂಲಿಯೊಬ್ಬ 2004ರಲ್ಲಿ ತಿಂಗಳಿಗೆ 4,500 ರೂಪಾಯಿ ಗಳಿಸುತ್ತಿದ್ದೆ ಎಂದ. ಕಾಗದ ಇರಲಿಲ್ಲ. ಕೆಳಗಿನವರು 3,000ಕ್ಕೆ ಇಳಿಸಿದರು. 2011ರಲ್ಲಿ ಸುಪ್ರೀಂ ಕೋರ್ಟು, ಆ ಕಾಲದ ಕೂಲಿ ದಿನಕ್ಕೆ 100ರಿಂದ 150 ಇತ್ತು, ಕೂಲಿಯಿಂದ ದಾಖಲೆ ಎಲ್ಲಿ ನಿರೀಕ್ಷಿಸುತ್ತೀರಿ ಎಂಬ ಅರ್ಥದಲ್ಲಿ ಅವನ ಮಾತನ್ನೇ ಒಪ್ಪಿತು. ಇನ್ನೊಂದರಲ್ಲಿ ತರಕಾರಿ ವ್ಯಾಪಾರಿಯೊಬ್ಬನ ಬಲಗಾಲು ಹೋಗಿತ್ತು. ಕಾಲಿಲ್ಲದೆಯೂ ತರಕಾರಿ ಮಾರಬಹುದಲ್ಲ ಎಂಬ ವಾದ ಬಂತು. 2014ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪದೆ, ಸರಕು ಏರಿಸಿ ಇಳಿಸಿ ಓಡಾಡುವ ವ್ಯಾಪಾರ ಅದು ಎಂದು ದುಡಿಮೆಯ ನಷ್ಟವನ್ನು ಶೇಕಡಾ 85 ಎಂದು ಹಿಡಿಯಿತು. ಸವಣೂರಿನ ಸಂತೆ ವ್ಯಾಪಾರಿಗಳಿಗೆ, ಸೈಕಲ್ ಮೇಲೆ ಪಾತ್ರೆ ಕಟ್ಟಿ ಹೋಗುವವರಿಗೆ ಈ ಮಾತು ನೇರವಾಗಿ ತಾಗುತ್ತದೆ.

ಲೆಕ್ಕ ಒಂದು ಮಾಡಿ ನೋಡೋಣ. 38 ವರ್ಷದ ಗಾರೆ ಕೆಲಸದವ, ತಿಂಗಳ ಗಳಿಕೆ 12,000 ಎಂದಿಟ್ಟುಕೊಳ್ಳಿ. ವರ್ಷಕ್ಕೆ 1,44,000. 2009ರ ಸುಪ್ರೀಂ ಕೋರ್ಟ್ ತೀರ್ಪಿನ ಪಟ್ಟಿಯಂತೆ 36ರಿಂದ 40 ವರ್ಷದವರಿಗೆ ಗುಣಕ 15. ದುಡಿಮೆಯ ನಷ್ಟ ಶೇಕಡಾ 30 ಎಂದು ಸಾಬೀತಾದರೆ ಈ ಒಂದು ಬಾಬತ್ತಿಗೇ 6,48,000 ರೂಪಾಯಿ. ಅದನ್ನು ಶೇಕಡಾ 10 ಎಂದು ಹಿಡಿದರೆ 2,16,000. ಮುಂದೆ ಗಳಿಕೆ ಹೆಚ್ಚುವುದರ ಲೆಕ್ಕ, ಚಿಕಿತ್ಸೆ, ನೋವು ಇದರ ಮೇಲೆ ಬೇರೆ. ಠಾಣೆಯ ಮುಂದಿನ ಹತ್ತು ಸಾವಿರವನ್ನು ಇದರ ಪಕ್ಕ ಇಟ್ಟು ನೋಡಿ. 30ಕ್ಕೂ 10ಕ್ಕೂ ಇರುವ ಅಂತರವನ್ನು ತೀರ್ಮಾನಿಸುವುದು ಚಿಕಿತ್ಸೆ ಕೊಟ್ಟ ವೈದ್ಯರ ಸಾಕ್ಷಿ, ಎಕ್ಸ್‌ರೇ, ಡಿಸ್ಚಾರ್ಜ್ ಕಾಗದ, ಕೆಲಸ ಕೊಡುತ್ತಿದ್ದ ಮೇಸ್ತ್ರಿಯ ಮಾತು. ಹಾಗಾಗಿ ಒಂದು ಚೀಟಿಯನ್ನೂ ಬಿಸಾಡಬೇಡಿ.

ಮಕ್ಕಳ ಹಕ್ಕು, ವಲೀಯ ಮಿತಿ

ಸರಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಕೊರೊನಾ ಕಾಲದಲ್ಲಿ ಅದು ನಿಂತಿತು. ಆದರೆ ಮಕ್ಕಳ ಸೈಕಲ್ ಸವಾರಿ ನಿಂತಿಲ್ಲ. ಶಿಗ್ಗಾಂವಿ, ಬಂಕಾಪುರದ ಮಕ್ಕಳು 48ನೇ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲೇ ತುಳಿಯಬೇಕು. ಮಗುವಿಗೆ ಪೆಟ್ಟಾದಾಗ ರಾಜಿಯ ಪ್ರಶ್ನೆ ಇನ್ನೂ ಗಂಭೀರ. ಯತೀಮನ ಮಾಲಿನ ಹತ್ತಿರ ಅವನಿಗೆ ಒಳಿತಾಗುವ ರೀತಿಯಲ್ಲಲ್ಲದೆ ಹೋಗಬೇಡಿ ಎಂಬ ಎಚ್ಚರಿಕೆ ಕುರ್‌ಆನ್‌ನಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇದೆ. ಮಗುವಿನ ಮಾಲನ್ನು ಸುಮ್ಮನೆ ದಾನ ಮಾಡುವ ಅಧಿಕಾರ ವಲೀಗೆ ಇಲ್ಲ ಎಂಬುದನ್ನು ಫಿಕ್‌ಹ್ ಕಲಿತ ನಾವೆಲ್ಲ ಬಲ್ಲೆವು. ಅಪ್ಪನಿಗೇ ಇಲ್ಲದ ಅಧಿಕಾರ ಜಮಾಅತಿಗೆ ಎಲ್ಲಿಂದ ಬಂತು? ದೇಶದ ಕಾನೂನೂ ಇದೇ ದಾರಿಯಲ್ಲಿದೆ. ಕೇಸು ಕೋರ್ಟಿನಲ್ಲಿರುವಾಗ ಮಗುವಿನ ಪರವಾಗಿ ರಾಜಿ ಆಗಬೇಕಾದರೆ ಕೋರ್ಟಿನ ಅನುಮತಿ ಬೇಕು. ಬಂದ ಹಣವನ್ನೂ ಸಾಮಾನ್ಯವಾಗಿ ಮಗುವಿನ ಹೆಸರಿನಲ್ಲೇ ಇಡಿಸುತ್ತಾರೆ.

ಗಳಿಸದ ಮಗುವಿಗೆ ಎಂಥ ನಷ್ಟ ಎಂದು ಕೇಳುವವರಿದ್ದಾರೆ. 2013ರಲ್ಲಿ ಕರ್ನಾಟಕದ ಬಾಲಕನೊಬ್ಬನ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಕೊಟ್ಟಿತು. ಚಿಕಿತ್ಸೆಯ ಖರ್ಚನ್ನು ಬಿಟ್ಟು, ಇಡೀ ದೇಹಕ್ಕೆ ಶೇಕಡಾ 10ರವರೆಗಿನ ಶಾಶ್ವತ ಊನಕ್ಕೆ 1 ಲಕ್ಷ, 30ರವರೆಗೆ 3 ಲಕ್ಷ, 60ರವರೆಗೆ 4 ಲಕ್ಷ, 90ರವರೆಗೆ 5 ಲಕ್ಷ, ಅದಕ್ಕೂ ಮೀರಿದರೆ 6 ಲಕ್ಷ ಎಂದು ಹೇಳಿತು. 2025ರಲ್ಲಿ ಅದೇ ಕೋರ್ಟು ಇನ್ನೂ ಮುಂದೆ ಹೋಗಿ, ಶಾಶ್ವತ ಊನವಾದ ಮಗುವಿನ ಗಳಿಕೆಯನ್ನು ಆ ರಾಜ್ಯದ ಕುಶಲ ಕಾರ್ಮಿಕನ ಕನಿಷ್ಠ ವೇತನದ ಲೆಕ್ಕದಲ್ಲಿ ಹಿಡಿಯಬೇಕು ಎಂದಿತು. ಹಳೆಯ ಲೆಕ್ಕಕ್ಕೇ ವಕೀಲರು ಒಪ್ಪಿಕೊಂಡರೆ ಈ ತೀರ್ಪಿನ ಬಗ್ಗೆ ಕೇಳಿ.

ಸಿಗದದ್ದು, ಕೇಳಬಾರದ್ದು

ಎಲ್ಲ ಸೈಕಲ್ ಅಪಘಾತಕ್ಕೂ ಈ ದಾರಿ ಇಲ್ಲ. ಸೈಕಲ್ ಮೋಟಾರು ವಾಹನ ಅಲ್ಲ. ಸೈಕಲ್ಲಿಗೆ ಸೈಕಲ್ಲೇ ತಾಗಿದರೆ, ಹೊಂಡಕ್ಕೆ ಬಿದ್ದರೆ, ದನ ಅಡ್ಡ ಬಂದರೆ ಈ ನ್ಯಾಯಮಂಡಳಿ ಕೇಳುವುದಿಲ್ಲ, ಸಿವಿಲ್ ಕೋರ್ಟಿನ ದಾರಿಯೇ ಆಗಬೇಕು, ಅದು ಉದ್ದದ ದಾರಿ. ಗುದ್ದಿದ ವಾಹನ ಯಾವುದೆಂದೇ ತಿಳಿಯದಿದ್ದರೆ ಗಂಭೀರ ಗಾಯಕ್ಕೆ 50,000, ಸಾವಿಗೆ 2 ಲಕ್ಷ ಎಂಬ ಹಿಟ್ ಆಂಡ್ ರನ್ ಯೋಜನೆ ಇದೆ. ಅದಕ್ಕೆ ಅರ್ಜಿ ಕೊಡುವುದು ತಾಲ್ಲೂಕು ಅಥವಾ ಉಪವಿಭಾಗದ ಕಂದಾಯ ಅಧಿಕಾರಿಗೆ. ವಾಹನ ಗೊತ್ತಿದ್ದು, ಯಾರ ತಪ್ಪು ಎಂದು ಸಾಬೀತು ಮಾಡುವುದು ಕಷ್ಟ ಎಂದಾದರೆ 164ನೇ ಕಲಮಿನಲ್ಲಿ ತಪ್ಪನ್ನು ತೋರಿಸದೆಯೇ ಗಂಭೀರ ಗಾಯಕ್ಕೆ 2.5 ಲಕ್ಷ, ಸಾವಿಗೆ 5 ಲಕ್ಷ ಕೇಳಬಹುದು.

ಇನ್ನೊಂದು ಮಾತನ್ನು ಮುಚ್ಚಿಡುವುದು ಸರಿಯಲ್ಲ. ತಾನೇ ಬಿದ್ದವನಿಗೆ ಯಾರದೋ ಬೈಕಿನ ನಂಬರು ಹಚ್ಚಿ ಕೇಸು ಮಾಡಿಸುವವರು, ಇಲ್ಲದ ಊನಕ್ಕೆ ಸರ್ಟಿಫಿಕೇಟ್ ತರಿಸುವವರು ಎಲ್ಲ ಊರಲ್ಲೂ ಇದ್ದಾರೆ. ಅದು ಸುಳ್ಳು ಸಾಕ್ಷಿ, ಹರಾಮಿನ ದುಡ್ಡು, ಮೇಲೆ ಕ್ರಿಮಿನಲ್ ಅಪರಾಧ. ಅಂಥ ಒಂದು ಸುಳ್ಳು ಕೇಸಿನಿಂದ ಹತ್ತು ನಿಜವಾದ ಗಾಯಾಳುಗಳನ್ನು ಕೋರ್ಟು ಅನುಮಾನದಿಂದ ನೋಡುವಂತಾಗುತ್ತದೆ. ಬಂದದ್ದರಲ್ಲಿ ಇಷ್ಟು ಶೇಕಡಾ ನನಗೆ ಎಂದು ವಕೀಲರು ಒಪ್ಪಂದ ಮಾಡಿಕೊಳ್ಳುವುದಕ್ಕೂ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶ ಇಲ್ಲ. ಹೆಂಗಸರು, ಮಕ್ಕಳು, ಅಂಗವಿಕಲರಿಗೆ ಆದಾಯ ನೋಡದೆ ಉಚಿತ ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರ ಕೊಡುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಅದರ ಕಚೇರಿ ಇದೆ, ತಾಲ್ಲೂಕಿನ ಕೋರ್ಟಿನಲ್ಲಿ ಸಮಿತಿ ಇದೆ, ಸಹಾಯವಾಣಿ 15100. ರಾಜಿಯೇ ಬೇಕೆಂದಿದ್ದರೆ ಲೋಕ್ ಅದಾಲತ್ ಇದೆ. ಅಲ್ಲಿ ನ್ಯಾಯಾಧೀಶರ ಮುಂದೆ ಆಗುವ ರಾಜಿಗೆ ಕೋರ್ಟಿನ ತೀರ್ಪಿನ ಬಲ ಇರುತ್ತದೆ, ಅದರ ಮೇಲೆ ಅಪೀಲು ಇಲ್ಲ. ಹಾಗಾಗಿ ಒಪ್ಪುವ ಮೊದಲು ಮೊತ್ತವನ್ನು ಸರಿಯಾಗಿ ನೋಡಬೇಕು.

ರಾಜಿ ಮಾಡಿಸುವುದು ಪುಣ್ಯದ ಕೆಲಸ ಎಂಬುದರಲ್ಲಿ ಸಂಶಯ ಇಲ್ಲ. ಜಗಳ ತಪ್ಪಿಸಿ, ಎರಡು ಮನೆಗಳ ನಡುವೆ ಸಲಾಂ ಉಳಿಯುವಂತೆ ಮಾಡಿ. ಆದರೆ ಮನಸ್ಸುಗಳ ರಾಜಿ ಬೇರೆ, ಹಕ್ಕಿನ ರಾಜಿ ಬೇರೆ. ಮುಂದಿನ ಸಲ ನಮ್ಮನ್ನು ಠಾಣೆಗೆ ಕರೆದಾಗ ಸಾಕ್ಷಿ ಹಾಕುವ ಮೊದಲು ಮೂರು ಪ್ರಶ್ನೆ ಕೇಳೋಣ. ವಾಹನಕ್ಕೆ ವಿಮೆ ಇದೆಯೇ? ಗಾಯ ಪೂರ್ತಿ ವಾಸಿಯಾಗುತ್ತದೆಂದು ವೈದ್ಯರು ಬರೆದುಕೊಟ್ಟಿದ್ದಾರೆಯೇ? ಗಾಯಾಳುವಿಗೆ ತನಗೆ ಕಾನೂನಿನಲ್ಲಿ ಏನು ಸಿಗುತ್ತದೆಂದು ಗೊತ್ತಿದೆಯೇ? ಈ ಮೂರಕ್ಕೆ ಉತ್ತರ ಸಿಗುವ ತನಕ ಪೆನ್ನು ಜೇಬಿನಲ್ಲೇ ಇರಲಿ. ಎಲ್ಲ ತಿಳಿದ ಮೇಲೂ ಅವನು ತಾನಾಗಿ ಬಿಡುತ್ತೇನೆ ಎಂದರೆ ಅದು ಅವನ ದಾನ, ಅದರ ಪ್ರತಿಫಲ ಅಲ್ಲಾಹನಲ್ಲಿದೆ. ತಿಳಿಯದವನ ಕೈಯಿಂದ ನಾವು ಬಿಡಿಸಿದರೆ ಅದಕ್ಕೆ ದಾನ ಎಂಬ ಹೆಸರಿಲ್ಲ.